ಇರುವೆ ಕಲಸಿದ ಮಣ್ಣು

ಮಳೆಗೆ ಮುಂಚೆ ಮೊಟ್ಟೆಗುಂಡಿಯ ಬಾಯಿ ಮುಚ್ಚಬೇಕಿತ್ತು. ಮಣ್ಣನ್ನು ಒಂದೇ ಸಲ ಕಲಸಬೇಕು, ಆಮೇಲೆ ಕಲಸಿದ್ದು ಅಂಟದು. ಅದಕ್ಕೇ ಇರುವೆ ಡೊಂಕು ಗುಂಡಿಯ ಮೇಲೆ ಅಡ್ಡಡ್ಡ ಹುಲ್ಲುಕಡ್ಡಿ ಜೋಡಿಸಿ, ಕಡ್ಡಿಗಿಷ್ಟು ಮಣ್ಣು ಬೇಕು ಅಂತ ಲೆಕ್ಕ ಕೂಡಿಸುತ್ತಿತ್ತು. ಅಂಚು ಬಾಗಿದಲ್ಲಿ ಇನ್ನೂ ಸಪೂರ ಕಡ್ಡಿ ಇಡುತ್ತಿತ್ತು.

"ಏನೇ ತಂಗಿ, ಗುಂಡಿಗೆ ಚಾಪೆ ಹೆಣೀತಿದ್ದೀಯಾ? ನಂದು ನಾಲ್ಕೇ ನೆಗೆತಕ್ಕೆ ಅಳೆದಾಯ್ತು" ಎಂದು ಪಕ್ಕದ ಗುಂಡಿಯ ಮಿಡತೆ ನಕ್ಕಿತು.

ಹನಿ ಬೀಳುವಷ್ಟರಲ್ಲಿ ಮಿಡತೆಯ ಮಣ್ಣು ಅರ್ಧಕ್ಕೇ ಮುಗಿಯಿತು. ನೆಗೆದು ದಾಟಿದ ಡೊಂಕೆಲ್ಲ ಲೆಕ್ಕಕ್ಕೇ ಬಂದಿರಲಿಲ್ಲ. ಇರುವೆಯ ಗುಂಡಿ ಪೂರಾ ಮುಚ್ಚಿ, ಒಂದುಂಡೆ ಮಣ್ಣು ಮಿಕ್ಕಿತು.

"ಮಿಕ್ಕಿತಲ್ಲ, ನಿನ್ನದೂ ತಪ್ಪೇ" ಎಂದಿತು ಮಿಡತೆ.

ಇರುವೆ ಮೀಸೆ ತೀಡಿಕೊಂಡಿತು. "ಲೆಕ್ಕ ಒಂದುಂಡೆಯಷ್ಟು ತಪ್ಪೀತು ಅಂತ ಗೊತ್ತಿದ್ದೇ ಹೆಚ್ಚಿಗೆ ಕಲಸಿದೆ ಕಣಕ್ಕ. ನಿನ್ನದು ಎಷ್ಟು ತಪ್ಪೀತು ಅಂತ ನಿನಗೆ ಗೊತ್ತಿತ್ತಾ?"

ಮಿಡತೆ ರೆಕ್ಕೆ ಬಿಚ್ಚಿ, ತೆರೆದ ಗುಂಡಿಯ ಮೇಲೆ ಕೂತು ನೆನೆಯಿತು.