ಮೋದಿನಪ್ಪನ ಕೆಂಪು ಅಸ್ತರ

ಬಹಳ ಬಹಳ ಹಿಂದೆ, ಯಾವ ಇಸವಿ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಎರೆಮಣ್ಣಿನ ಸೀಮೆಯಲ್ಲಿ ಬಿಳೇಗುಂಡಿ ಅಂತ ಒಂದೂರು. ಆ ಊರ ಬಾಗಿಲಿನ ಹೊರಗೆ ಬೇವಿನ ಮರ, ಮರದ ಬುಡದಲ್ಲಿ ಒಂದು ತಗಡಿನ ಚಪ್ಪರ. ಚಪ್ಪರದ ಕೆಳಗೆ ಕೂರುತ್ತಿದ್ದವನು ಬಣ್ಣದ ಮೋದಿನಪ್ಪ. ಹುಟ್ಟಿದ ಹೆಸರು ಮೊಹಿದ್ದೀನಸಾಬ. ಊರಿನ ಬಾಯಿಗೆ ಅಷ್ಟು ಉದ್ದದ ಹೆಸರು ಹಿಡಿಸಲಿಲ್ಲ, ಮೋದಿನಪ್ಪ ಆದ. ಹಳೆ ಸೈಕಲ್ಲಿನ ಬಣ್ಣ ತೆಗೆದು ಹೊಸ ಬಣ್ಣ ಹಚ್ಚುವುದು ಅವನ ಕಸುಬು.

ಅವನ ಕೈಗುಣದ ಬಗ್ಗೆ ಜನ ಏನೇನೋ ಹೇಳುತ್ತಾರೆ. ಕಬ್ಬಿಣದ ಕೊಳವೆಯನ್ನು ಉಗುರಿನಿಂದ ಬಡಿದು, ಈ ಸೈಕಲ್ ಯಾವ ಹಳ್ಳದಲ್ಲಿ ಬಿದ್ದಿತ್ತು ಅಂತ ಹೇಳುತ್ತಿದ್ದನಂತೆ. ಅವನು ಹಚ್ಚಿದ ಕಪ್ಪು ಬಣ್ಣದಲ್ಲಿ ಮುಖ ನೋಡಿಕೊಂಡು ಗಂಡಸರು ಗಡ್ಡ ಹೆರೆದುಕೊಳ್ಳುತ್ತಿದ್ದರಂತೆ. ಅದರ ಮೇಲೆ ಕೂರಲು ಬಂದ ಕಾಗೆ ಜಾರಿ ಬೀಳುತ್ತಿತ್ತಂತೆ. ಕಾಗೆಯ ಮಾತು ನಾನು ನಂಬುವುದಿಲ್ಲ. ಆದರೆ ಒಂದು ಮಾತನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಮೋದಿನಪ್ಪ ಕೆಂಪು ಅಸ್ತರ ಹಚ್ಚದೆ ಮೇಲೆ ಬಣ್ಣ ಹಚ್ಚುತ್ತಿರಲಿಲ್ಲ.

ಅಸ್ತರ ಅಂದರೆ ಬಣ್ಣದ ಕೆಳಗಿನ ಬಣ್ಣ. ಮೊದಲು ಸುಣ್ಣ ಸೋಡಾ ಕಲಸಿದ ಲೇಪ ಮೆತ್ತಿ ಹಳೆಯದನ್ನೆಲ್ಲ ನೆನೆಸಬೇಕು. ಕೆರೆದು ತೆಗೆಯಬೇಕು. ತುಕ್ಕನ್ನು ಉಸುಕಿನ ಕಾಗದದಿಂದ ತಿಕ್ಕಿ ತಿಕ್ಕಿ ಕಬ್ಬಿಣವನ್ನು ಬೆಳ್ಳಗೆ ಮಾಡಬೇಕು. ಆಮೇಲೆ ಅಗಸೆ ಎಣ್ಣೆಯಲ್ಲಿ ಅರೆದ ಕೆಂಪನ್ನು ಹಚ್ಚಿ ಮೂರು ದಿನ ಒಣಗಲು ಬಿಡಬೇಕು. ಅದು ಇದ್ದರೆ ತುಕ್ಕು ಹತ್ತಿರ ಸುಳಿಯದು. ಸುತ್ತಲ ಊರಿನ ಬಣ್ಣದವರು ಅದನ್ನು ಹಾರಿಸಿಬಿಡುತ್ತಿದ್ದರು. ಮೇಲೆ ಬಣ್ಣ ಬಿದ್ದ ಮೇಲೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು, ಹೌದಲ್ಲ? ಮೋದಿನಪ್ಪ ಮಾತ್ರ ಹಾರಿಸುವವನಲ್ಲ ಅಂತ ಹತ್ತು ಹಳ್ಳಿ ನಂಬಿತ್ತು. ಆ ನಂಬಿಕೆಯೇ ಅವನ ಅನ್ನ.

ಒಂದು ದಿನ ಬೆಳಗ್ಗೆ ಬಳೆಗಾರ ದುಂಡಪ್ಪ ಒಂದು ನೀಲಿ ಸೈಕಲ್ ತಳ್ಳಿಕೊಂಡು ಬಂದ. ದುಂಡಪ್ಪ ಇದೇ ಊರಿನವನು. ಇಪ್ಪತ್ತು ವರ್ಷ ಬಳೆಯ ಮಲಾರ ಹೆಗಲ ಮೇಲೆ ಹೊತ್ತು ಊರೂರು ಸುತ್ತಿ ಅವನ ಮೊಣಕಾಲು ಸವೆದಿತ್ತು. ಪರವೂರಿನ ಸಂತೆಯಲ್ಲಿ ಗುರುತಿಲ್ಲದವನೊಬ್ಬನಿಂದ ಹಳೆ ಸೈಕಲ್ ಕೊಂಡಿದ್ದ. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಹೊಸ ಬಣ್ಣ ಹಚ್ಚಿಕೊಡು, ಹೆಣ್ಣುಮಕ್ಕಳ ಅಂಗಳಕ್ಕೆ ಹೋಗುವ ಗಾಡಿ, ಲಕ್ಷಣವಾಗಿರಲಿ ಅಂದ.

ಲೇಪ ಹಚ್ಚುವ ಮುಂಚೆ ಬಣ್ಣ ಎಷ್ಟು ದಪ್ಪ ಇದೆ ಅಂತ ಮೋದಿನಪ್ಪ ಗಾಜಿನ ಚೂರಿನಿಂದ ಒಂದು ಕಡೆ ಕೆರೆದು ನೋಡುತ್ತಿದ್ದ. ಅವತ್ತೂ ಕೆರೆದ. ನೀಲಿ ಉದುರಿತು. ಕೆಳಗೆ ಹಸಿರು ಕಂಡಿತು.

ಅಷ್ಟು ಹೊತ್ತಿಗೆ ಬೇವಿನ ನೆರಳಿನಲ್ಲಿ ಬೀಡಿ ಸೇದುತ್ತಾ ನಿಂತಿದ್ದ ಗೌಡರ ಆಳು ಯಂಕ ಆ ಹಸಿರನ್ನು ನೋಡಿದ. ಬೀಡಿ ಎಸೆದು ಊರೊಳಗೆ ಓಡಿದ.

ಯಾಕೆ ಅಂತೀರಾ? ಊರಿನ ಬಾಪುಗೌಡರ ಸೈಕಲ್ ಎರಡು ವರ್ಷದ ಹಿಂದೆ ಕಳುವಾಗಿತ್ತು. ಅದರ ಬಣ್ಣ ಹಸಿರು. ಹಚ್ಚಿದವನು ಇದೇ ಮೋದಿನಪ್ಪ. ಬಾಪುಗೌಡರು ಕೆಟ್ಟವರಲ್ಲ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಉಡದ ಹಿಡಿತ. ಸೈಕಲ್ ಕದ್ದವನನ್ನು ಊರ ಮುಂದೆ ನಿಲ್ಲಿಸದೆ ಬಿಡೆನು ಅಂತ ಆಗಲೇ ಆಣೆ ಮಾಡಿದ್ದರು.

ಗೌಡರು ಬಂದರು, ಅವರ ಬೆನ್ನಿಗೆ ಊರು ಬಂತು. ದುಂಡಪ್ಪ ಸಂತೆಯ ಕಥೆ ಹೇಳಿದ. ಮಾರಿದವನ ಹೆಸರು ಗೊತ್ತಿಲ್ಲ ಅಂದ. ಹೆಸರು ಗೊತ್ತಿಲ್ಲದವನ ಹತ್ತಿರ ಕೊಂಡೆಯಾ ಅಂತ ಜನ ನಕ್ಕರು. ಕಬ್ಬಿಣದ ಮೇಲೆ ನಂಬರು ಇರುತ್ತದಲ್ಲ ಅಂತ ಈಗ ನೀವು ಕೇಳಬಹುದು. ಆಗ ಅದನ್ನು ಯಾರು ಬರೆದಿಟ್ಟಿದ್ದರು! ಹಸಿರನ್ನು ನಾನು ಇನ್ನೊಬ್ಬರಿಗೂ ಹಚ್ಚಿದ್ದೇನೆ, ದೂರದ ಊರಿನ ಒಬ್ಬ ಮಾಸ್ತರರಿಗೆ ಅಂತ ಮೋದಿನಪ್ಪ ಮೆಲ್ಲಗೆ ಹೇಳಿ ನೋಡಿದ. ಮಾಸ್ತರರು ಎಲ್ಲಿ ಅಂತ ಜನ ಕೇಳಿದರು. ವರ್ಗವಾಗಿ ಹೋದರು ಅಂದ. ಮಾರಿದವನಿಗೆ ಹೆಸರಿಲ್ಲ, ಮಾಸ್ತರರಿಗೆ ಊರಿಲ್ಲ, ಚೆನ್ನಾಯಿತು ಅಂತ ಯಾರೋ ಕುಟುಕಿದರು.

ಆಗ ಗೌಡರು ಒಂದು ತೀರ್ಮಾನ ಹೇಳಿದರು. ಮೋದಿನಪ್ಪ ಹಚ್ಚಿದ ಬಣ್ಣದ ಕೆಳಗೆ ಕೆಂಪು ಅಸ್ತರ ಇರುತ್ತದೆ, ಬೇರೆಯವರದ್ದಕ್ಕೆ ಇರುವುದಿಲ್ಲ. ಎಲ್ಲರ ಕಣ್ಣೆದುರು ಹಸಿರನ್ನು ಕೆರೆಯಲಿ. ಕೆಳಗೆ ಕೆಂಪು ಬಂದರೆ ಸೈಕಲ್ ನನ್ನದು, ದುಂಡಪ್ಪ ಕಳ್ಳ. ಬರದಿದ್ದರೆ ನಾನೇ ಅವನ ಕ್ಷಮೆ ಕೇಳುತ್ತೇನೆ. ಊರು ಹೌದು ಹೌದು ಅಂದಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಅಲ್ಲಿ ಬೆವತವನು ದುಂಡಪ್ಪ ಅಲ್ಲ, ಮೋದಿನಪ್ಪ. ಅವನ ಎದೆಯಲ್ಲಿ ಒಂದು ಗುಟ್ಟಿತ್ತು. ಹೆಂಡತಿಗೂ ಹೇಳದ ಗುಟ್ಟು.

ಗೌಡರ ಸೈಕಲ್ಲಿಗೆ ಅವನು ಅಸ್ತರ ಹಚ್ಚಿರಲಿಲ್ಲ. ಗೌಡರ ಬೀಗರು ಬರುವವರಿದ್ದರು, ಗೌಡರು ಅವಸರ ಮಾಡಿದ್ದರು. ಐದು ದಿನ ಬೇಕು ಅನ್ನಲು ಮೋದಿನಪ್ಪನಿಗೆ ಬಾಯಿ ಬರಲಿಲ್ಲ. ಹಳೆಯ ಕಪ್ಪನ್ನು ತೆಗೆಯದೆ, ತುಕ್ಕನ್ನು ಮೇಲೆ ಮೇಲೆ ಒರೆಸಿ, ಅದರ ಮೇಲೆಯೇ ಹಸಿರು ಬಳಿದುಬಿಟ್ಟ. ಅಸ್ತರ ಹಚ್ಚಿದೆಯೇನೋ ಅಂತ ಗೌಡರು ಕೇಳಿದಾಗ, ಹಚ್ಚದೆ ಬಿಡ್ತೀನೇನ್ರಿ ಅಂದ. ಜೀವಮಾನದಲ್ಲಿ ಮಾಡಿದ್ದು ಅದೊಂದೇ ಕಳ್ಳಕೆಲಸ ಅಂತಾರೆ. ಆ ಸೈಕಲ್ ಕಳುವಾದ ದಿನ ಊರೆಲ್ಲ ಹಳಹಳಿಸಿದರೆ ಅವನೊಬ್ಬ ಒಳಗೊಳಗೇ ಹಗುರಾಗಿದ್ದ. ಇನ್ನು ಅದರ ಬಣ್ಣ ಏಳುವುದನ್ನು ಯಾರೂ ನೋಡುವುದಿಲ್ಲ ಅಂತ.

ಈಗ ನೋಡಿ ಅವನ ಪಾಡು. ಹಸಿರಿನ ಕೆಳಗೆ ಕೆಂಪು ಬರದಿದ್ದರೆ ಇದು ಗೌಡರ ಸೈಕಲ್ಲೇ ಇರಬಹುದು, ಆದರೆ ಊರು ದುಂಡಪ್ಪನನ್ನು ಬಿಡುತ್ತದೆ, ಇವನ ಗುಟ್ಟೂ ಉಳಿಯುತ್ತದೆ. ಕೆಂಪು ಬಂದರೆ ದುಂಡಪ್ಪ ನಿಜವಾಗಿಯೂ ನಿರಪರಾಧಿ, ಆದರೆ ಊರು ಅವನನ್ನು ಕಳ್ಳ ಅನ್ನುತ್ತದೆ. ಕಳ್ಳ ಅನ್ನಿಸಿಕೊಂಡ ಬಳೆಗಾರ ಬದುಕುವುದು ಹೇಗೆ? ಬಳೆಗಾರನ ಕಸುಬೇ ಹೆಣ್ಣುಮಕ್ಕಳ ಕೈ ಹಿಡಿಯುವುದು. ತವರಿನ ಅಣ್ಣ ಬಂದ ಅಂತ ಅವರು ನಂಬಿ ಕೈ ಚಾಚುತ್ತಾರೆ. ಕಳ್ಳನ ಮುಂದೆ ಯಾರು ಚಾಚುತ್ತಾರೆ? ಅವನನ್ನು ಉಳಿಸುವ ಮಾತು ಇದ್ದದ್ದು ಒಬ್ಬನ ಬಾಯಲ್ಲಿ, ಆ ಮಾತು ಆಡಿದರೆ ಆ ಒಬ್ಬನ ಅನ್ನ ಹೋಗುತ್ತಿತ್ತು. ಅತ್ತ ದರಿ ಇತ್ತ ಪುಲಿ.

ಲೇಪ ಬೇಡ, ಅದು ಎಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತದೆ, ಗಾಜಿನಿಂದಲೇ ಕೆರೆ ಅಂದರು ಗೌಡರು. ಮೋದಿನಪ್ಪ ಸೈಕಲ್ಲನ್ನು ಅಂಗಾತ ಮಾಡಿ ಮುಂದೆ ಕೂತ. ದುಂಡಪ್ಪನ ಬಳೆಚೂರಿನಿಂದಲೇ ಕೆರೆದ ಅಂತ ಕೆಲವರು ಹೇಳುತ್ತಾರೆ. ಬಳೆಚೂರಿನಿಂದ ಸೈಕಲ್ ಕೆರೆಯಲಿಕ್ಕೆ ಆಗುತ್ತದೆಯೇ, ಹೇಳುವುದಕ್ಕೂ ಒಂದು ಮಿತಿ ಬೇಡವೇ. ಅವನದೇ ಗಾಜಿನ ಚೂರು ಅದು.

ಕೆರೆದ. ನೀಲಿ ಪೂರಾ ಹೋಯಿತು. ಹಸಿರು ಅಂಗೈ ಅಗಲ ಬಿಚ್ಚಿಕೊಂಡಿತು. ಜನ ಇನ್ನೂ ಹತ್ತಿರ ಬಂದರು. ಕೆರೆದ. ಕೆಂಪು ಬರದಿರಲಿ ಅಂತ ಪೀರರನ್ನು ಬೇಡಿಕೊಂಡ, ಹನುಮಪ್ಪನನ್ನೂ ಬೇಡಿಕೊಂಡ. ದುಂಡಪ್ಪ ಮಾತ್ರ ನಿರಾಳವಾಗಿ ಚಕ್ರ ಹಿಡಿದು ನಿಂತಿದ್ದ. ತಾನು ಕದ್ದಿಲ್ಲ, ಇನ್ನೇನು ಭಯ ಅಂತ ಅವನ ಲೆಕ್ಕ. ಆ ಮುಖವನ್ನು ಮೋದಿನಪ್ಪ ಒಮ್ಮೆ ನೋಡಿದ. ಮತ್ತೆ ಕೆರೆದ.

ಕೆಂಪು ಬಂತು.

ಗಟ್ಟಿ ಕೆಂಪು. ಉಗುರು ಇಳಿಯದ ಕೆಂಪು. ಹಚ್ಚಿ ಮೂರು ದಿನ ಒಣಗಿಸಿದ್ದು, ನೋಡಿದೊಡನೆ ಅವನಿಗೆ ಗೊತ್ತಾಯಿತು. ಇದು ಮಾಸ್ತರರ ಸೈಕಲ್.

ಊರು ಹೋ ಅಂದಿತು. ಯಂಕ ದುಂಡಪ್ಪನ ರಟ್ಟೆ ಹಿಡಿದ. ದುಂಡಪ್ಪ ಚಕ್ರ ಬಿಡಲಿಲ್ಲ, ಏನಾಯಿತು ಅಂತ ತಿಳಿಯದವನ ಹಾಗೆ ಒಬ್ಬೊಬ್ಬರ ಮುಖ ನೋಡಿದ. ಗುಂಪಿನ ಹಿಂದೆ ನಿಂತಿದ್ದ ಹೆಂಗಸರು ಸೆರಗಿನೊಳಗೆ ಕೈ ಎಳೆದುಕೊಂಡರು. ನಿನ್ನೆ ಅವನೇ ಇಟ್ಟ ಬಳೆ ಆ ಕೈಗಳಲ್ಲಿತ್ತು. ದುಂಡಪ್ಪ ಅದನ್ನು ನೋಡಿದ. ಆಮೇಲೆ ಚಕ್ರ ಬಿಟ್ಟ.

ಮೋದಿನಪ್ಪ ಒಂದು ಗಳಿಗೆ ಸುಮ್ಮನಿದ್ದರೆ ಮುಗಿಯಿತು, ಗುಂಪು ಚಾವಡಿಗೆ ನಡೆಯುತ್ತಿತ್ತು. ಇವನು ನಾಳೆಯೂ ಇದೇ ಚಪ್ಪರದಲ್ಲಿ ಕೂತು ಇದೇ ಕೆಂಪನ್ನು ಅರೆಯುತ್ತಿದ್ದ. ಎದ್ದು ನಿಂತ. ಕೈಯಲ್ಲಿ ಗಾಜಿನ ಚೂರು ಹಾಗೇ ಇತ್ತು, ಬೆರಳು ಕೊಯ್ದು ರಕ್ತ ಇಳಿಯುತ್ತಿತ್ತು ಅಂತಾರೆ.

“ಗೌಡ್ರ, ಇದು ನಿಮ್ಮ ಸೈಕಲ್ ಅಲ್ರಿ,” ಅಂದ. “ನಿಮ್ಮ ಸೈಕಲ್ಲಿಗೆ ನಾ ಅಸ್ತರ ಹಚ್ಚಿಲ್ಲ.”

ಗೌಡರು ಅವನ ಹತ್ತಿರ ಬಂದರು. ಬಳೆಗಾರನನ್ನು ಉಳಿಸಲು ತಪ್ಪನ್ನು ನಿನ್ನ ತಲೆ ಮೇಲೆ ಹಾಕಿಕೊಳ್ಳುತ್ತಿದ್ದೀಯಾ ಅಂತ ಕೇಳಿದರು. ಇಲ್ಲ ಅಂದ ಮೋದಿನಪ್ಪ. ನಿಮ್ಮ ಸೈಕಲ್ಲಿನ ಚೈನಿನ ಕವರು ಲೊಡಲೊಡ ಅನ್ನುತ್ತದೆ ಅಂತ ಆಮೇಲೆ ಬಿಚ್ಚಿಟ್ಟಿದ್ದಿರಿ, ಅದು ಕಳುವಾಗಿಲ್ಲ, ತರಿಸಿ, ಅದಕ್ಕೂ ಅವತ್ತೇ ಹಚ್ಚಿದ್ದು ಅಂದ.

ಚೈನಿನ ಕವರು ಗೌಡರ ಮನೆಯಲ್ಲಿ ಕೋಳಿಗೂಡಿನ ಬಾಗಿಲಿಗೆ ಅಡ್ಡವಾಗಿತ್ತು. ಗೌಡ್ತಿ ಗಂಗಾಬಾಯಿ ತಾನೇ ಹೋಗಿ ತಂದಳು. ಮೋದಿನಪ್ಪ ಊರ ಮುಂದೆ ತನ್ನ ಕೈಯಾರೆ ತನ್ನ ಹೆಸರನ್ನು ಕೆರೆದ ಅಂತಲೇ ನಾನು ಹೇಳುತ್ತೇನೆ. ಹಸಿರು ಹೋಯಿತು. ಕೆಳಗೆ ಕಪ್ಪು. ಕಪ್ಪಿನ ಕೆಳಗೆ ತುಕ್ಕು. ಅದು ಪುಡಿಪುಡಿಯಾಗಿ ಅವನ ತೊಡೆಯ ಮೇಲೆ ಬಿತ್ತು. ಕೆಂಪಿನ ಸುಳಿವಿಲ್ಲ.

ಕವರಿಗೆ ಮಾತ್ರ ಬಿಟ್ಟಿರಬಹುದು, ಸೈಕಲ್ಲಿಗೆ ಹಚ್ಚಿರಬಹುದು ಅಂತ ಯಂಕ ತಕರಾರು ತೆಗೆದ. ಗೌಡರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಬೆರಳು ಮಡಚಿ ಎಣಿಸುತ್ತಿದ್ದರು. ಎರಡು ಸಲ ಎಣಿಸಿದರು.

“ಸೋಮವಾರ ಕೊಟ್ಟಿದ್ದೆ,” ಅಂದರು. “ಬುಧವಾರ ಹತ್ತಿಕೊಂಡು ಹೋದೆ. ಅಸ್ತರ ಒಣಗೋದು ಮೂರು ದಿನ. ನನಗ ಅವತ್ತ ತಿಳೀಬೇಕಾಗಿತ್ತು.”

ಹಿಡಿದದ್ದು ಬಿಡದವರು ಅಂದೆನಲ್ಲ, ಅವತ್ತು ಊರ ಮುಂದೆ ಬಿಟ್ಟರು. ದುಂಡಪ್ಪನ ರಟ್ಟೆಯಿಂದ ಯಂಕನ ಕೈ ತೆಗೆಸಿದರು. ಕೈ ಮುಗಿದರು. ಆದರೂ ಹೆಂಗಸರ ಕೈ ಸೆರಗಿನೊಳಗೇ ಇದ್ದವು. ಆಡಿದ ಮಾತು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಆಗ ಗೌಡ್ತಿ ಚಪ್ಪರದ ಮುಂದಿನ ಕಲ್ಲಿನ ಮೇಲೆ ಕೂತಳು. ಸೆರಗು ಸರಿಸಿ ಎರಡೂ ಕೈ ಚಾಚಿದಳು.

“ದುಂಡಪ್ಪಣ್ಣ, ಮಲಾರ ತಗೊಂಬಾ. ಡಜನ್ ಹಸಿರು ಬಳಿ ಇಡು,” ಅಂದಳು.

ಇಡುವಾಗ ದುಂಡಪ್ಪನ ಕೈಯಲ್ಲಿ ಮೂರು ಬಳೆ ಒಡೆದವಂತೆ. ಅವನು ಅಳುತ್ತಿದ್ದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಬಳೆಗಾರ ಉಳಿದ. ಬಣ್ಣದವನು ಮುಳುಗಿದ. ಮರುದಿನದಿಂದ ಚಪ್ಪರದ ಕಡೆ ಒಂದು ಸೈಕಲ್ಲೂ ಬರಲಿಲ್ಲ. ಹತ್ತು ಹಳ್ಳಿಯ ಜನ ತಮ್ಮ ತಮ್ಮ ಸೈಕಲ್ ಕೆರೆದು ನೋಡಿದರು. ಮೂವತ್ತಕ್ಕೆ ಅಸ್ತರ ಇರಲಿಲ್ಲ ಅಂತ ಕೆಲವರು ಸುಳ್ಳು ಹೊಡೆಯುತ್ತಾರೆ. ಎಲ್ಲದರಲ್ಲೂ ಕೆಂಪು ಇತ್ತು, ನನ್ನ ಅಜ್ಜಿ ನೋಡಿದವರಿಂದ ಕೇಳಿದ್ದಳು. ಇದ್ದರೇನು? ಒಂದು ಸಲ ಹಾರಿಸಿದವನು ಮತ್ತೆ ಹಾರಿಸನೇ ಅನ್ನುವ ಅನುಮಾನ. ದುಂಡಪ್ಪನ ಸೈಕಲ್ಲೊಂದನ್ನು ಬೆಳ್ಳಗೆ ಕೆರೆದು, ಅಸ್ತರ ಹಚ್ಚಿ, ಕಪ್ಪು ಬಳಿದು ಕೊಟ್ಟ. ಆಮೇಲೆ ಒಂದು ವರ್ಷ ಪೂರ್ತಿ ಕೈ ಖಾಲಿ. ಜನರ ಮನೆಗೋಡೆಗೆ ಸುಣ್ಣ ಬಳಿದು ಹೊಟ್ಟೆ ಹೊರೆದ. ಯಾಕೆ ಹೇಳಿದೆ ಅಂತ ಹೆಂಡತಿ ಒಂದು ದಿನವೂ ಕೇಳಲಿಲ್ಲವಂತೆ, ಅದು ಅವನಿಗೆ ದೊಡ್ಡ ಆಸರೆ.

ವರ್ಷ ಕಳೆದು ಮಹಾನವಮಿ ಹತ್ತಿರ ಬಂದಾಗ ಬಾಪುಗೌಡರು ಎಲ್ಲಿಂದಲೋ ಕೊಂಡ ಒಂದು ಹಳೆ ಸೈಕಲ್ ತಳ್ಳಿಕೊಂಡು ಬಂದರು. ಅದನ್ನು ಅವನ ಮುಂದೆ ನಿಲ್ಲಿಸಿದರು. ಚಪ್ಪರದ ಮುಂದಿನ ಕಲ್ಲಿನ ಮೇಲೆ ಕೂತರು. ಲೇಪ ಮೆತ್ತುವುದನ್ನು ನೋಡಿದರು, ಕೆರೆಯುವುದನ್ನು ನೋಡಿದರು, ಕೆಂಪು ಒಣಗುವ ಮೂರು ದಿನವೂ ಬುತ್ತಿ ತರಿಸಿಕೊಂಡು ಅಲ್ಲೇ ಕೂತರು. ಅವಮಾನವೋ ಕಾವಲೋ ಮೋದಿನಪ್ಪನಿಗೆ ಗೊತ್ತಾಗಲಿಲ್ಲ. ತಲೆ ತಗ್ಗಿಸಿ ಕೆಲಸ ಮಾಡಿದ. ಐದನೇ ದಿನ ಮೇಲೆ ಬಣ್ಣ ಹಚ್ಚಿ ಮುಗಿಸಿದಾಗ, ಸೀಟಿನ ಕೆಳಗೆ ರೂಪಾಯಿ ಅಗಲದ ಜಾಗ ಹಾಗೇ ಬಿಟ್ಟಿದ್ದ. ನಡುವೆ ಬರಿ ಕಬ್ಬಿಣ, ಸುತ್ತ ಕೆಂಪು, ಅದರ ಸುತ್ತ ಬಣ್ಣ. ಇದೇನು ಮರೆತೆಯಲ್ಲ ಅಂದರು ಗೌಡರು.

“ಮರ್ತಿಲ್ರಿ. ಇನ್ನ ಮ್ಯಾಲ ನನ್ನ ಕೇಳಬ್ಯಾಡ್ರಿ, ಇದನ್ನ ನೋಡ್ರಿ,” ಅಂದ ಮೋದಿನಪ್ಪ.

ಗೌಡರು ಆ ಸೈಕಲ್ಲನ್ನು ಹತ್ತಲಿಲ್ಲ. ಸೀಟು ಹಿಡಿದು, ಆ ಜಾಗ ಎಲ್ಲರಿಗೂ ಕಾಣುವ ಹಾಗೆ, ಊರ ಬೀದಿಯ ಉದ್ದಕ್ಕೂ ತಳ್ಳಿಕೊಂಡು ಹೋದರು. ಮರುದಿನ ಚಪ್ಪರದ ಮುಂದೆ ನಾಲ್ಕು ಸೈಕಲ್ ನಿಂತಿದ್ದವು.

ಮೋದಿನಪ್ಪ ಹೋಗಿ ಎಷ್ಟೋ ಕಾಲವಾಯಿತು. ಚಪ್ಪರ ಇಲ್ಲ, ಬೇವೂ ಇಲ್ಲ. ಆ ಸೀಮೆಯ ಬಣ್ಣದವರು ಮಾತ್ರ ಇವತ್ತಿಗೂ ಸೀಟಿನ ಕೆಳಗೆ ಅಷ್ಟು ಜಾಗ ಬಿಡುತ್ತಾರೆ. ಅದಕ್ಕೆ ಮೋದಿನಪ್ಪನ ಕಣ್ಣು ಅಂತ ಹೆಸರು. ತುಕ್ಕು ಹಿಡಿಯದ ಹಾಗೆ ಅದಕ್ಕೆ ಎಣ್ಣೆ ಸವರುವುದು ಸೈಕಲ್ಲಿನ ಒಡೆಯನ ಪಾಲಿನ ಕೆಲಸ. ಮಹಾನವಮಿಯ ಪೂಜೆಯಲ್ಲಿ ಮೊದಲ ಕುಂಕುಮ ಹ್ಯಾಂಡಲ್ಲಿಗಲ್ಲ, ಆ ಕಣ್ಣಿಗೆ. ಹಳೆ ಸೈಕಲ್ ಕೊಳ್ಳುವವನು ಬೆಲ್ಲು ಬಾರಿಸಿ ನೋಡುವುದಿಲ್ಲ, ಬಣ್ಣವನ್ನೂ ಹೊಗಳುವುದಿಲ್ಲ. ಮೊದಲು ಬಗ್ಗಿ ಸೀಟಿನ ಕೆಳಗೆ ಬೆರಳಿಟ್ಟು ನೋಡುತ್ತಾನೆ. ಕಣ್ಣು ಇಲ್ಲದಿದ್ದರೆ ಸೈಕಲ್ ಎಷ್ಟೇ ಹೊಳೆಯಲಿ, ಬಿಳೇಗುಂಡಿಯಲ್ಲಿ ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ.