ಶಾಬಾನ್ ತೆರೆದ ಬಾಯಿ

ಒಂದಾನೊಂದು ಊರಿನಲ್ಲಿ, ನೀವೂ ಹೋಗಿಲ್ಲ ನಾನೂ ಹೋಗಿಲ್ಲ, ಇಸ್ತಾಂಬುಲ್ ಅಂತಲೇ ಇಟ್ಕೊಳ್ಳಿ, ಒಂದು ಕಾಫಿಯಂಗಡಿ ಇತ್ತು. ಅಲ್ಲಿ ಶಾಬಾನ್, ಹುಸ್ರೆವ್ ಅಂತ ಇಬ್ಬರು ಗೆಳೆಯರು ದಿನಾ ಪಗಡೆ ಆಡೋರು. ಒಂದಿನ ಶಾಬಾನ್ ಸೋತ. ಸೋತ ಉರಿಗೆ, "ಕಾಯಿ ಕದ್ದೆಯಲ್ಲೋ, ಕಳ್ಳಾ!" ಅಂತ ಎಲ್ಲರೆದುರು ಅಂದುಬಿಟ್ಟ. ಮನೆಗೆ ಹೋಗಿ ನೋಡ್ತಾನೆ, ಕಾಯಿ ಅವನ ಅಂಗಿಯ ತೋಳಲ್ಲೇ ಸಿಕ್ಕಿಕೊಂಡಿದೆ! ಅಯ್ಯೋ, ಅವನಿಗಾದ ಸಂಕಟ ಶತ್ರುವಿಗೂ ಬೇಡ.

ಬೆಳಿಗ್ಗೆಯೇ ಅಂಗಡಿಗೆ ಓಡಿಬಂದ. ಹುಸ್ರೆವ್ ಮುಖ ಊದಿಸಿಕೊಂಡು ಕೂತಿದ್ದ. ಶಾಬಾನ್ ಎದುರಿಗೆ ಕೂತು, ತಪ್ಪಾಯ್ತು ಅನ್ನೋಕೆ ಬಾಯಿ ತೆರೆದ. ತೆರೆದನೋ ಇಲ್ಲವೋ, ಬಾಗಿಲಲ್ಲಿ ಒಬ್ಬ ಚಿತ್ರಗಾರ ಕೂಗಿದ: "ಯಾರೂ ಅಲ್ಲಾಡಬೇಡಿ! ಸುಲ್ತಾನರಿಗೆ ಕಾಫಿಯಂಗಡಿಯ ಚಿತ್ರ ಬೇಕಂತೆ. ಅಲ್ಲಾಡಿದವರ ತಲೆ ಹಾರುತ್ತೆ!"

'ತಲೆಯೇ ಹೋದರೆ ತಪ್ಪಾಯ್ತು ಅನ್ನೋದು ಯಾವ ಬಾಯಿಂದ?' ಅಂದುಕೊಂಡ ಶಾಬಾನ್. ಬಾಯಿ ತೆರೆದೇ ಕೂತ. ಮೂಲೇಲಿ ಹುಕ್ಕಾ ಸೇದ್ತಿದ್ದವನ ಕೆನ್ನೆ ಉಬ್ಬಿದ ಹಾಗೇ ಉಳೀತು. ಕಾಫಿಯ ಹಬೆಯೂ ಅರ್ಧದಲ್ಲೇ ನಿಂತಿತು.

"ನನಗೆ ಕಾಲು ಜೋಮು ಹಿಡೀತಪ್ಪಾ," ಅಂತು ಹಬೆ.

"ನಿನಗೆ ಕಾಲೆಲ್ಲಿದೆ? ಸುಮ್ನಿರು," ಅಂದ ಚಿತ್ರಗಾರ.

ಬಣ್ಣ ಬಳಿಯುತ್ತಾ ಬಳಿಯುತ್ತಾ ಚಿತ್ರಗಾರ ಹುಸ್ರೆವ್ ಹತ್ತಿರ ಬಂದ. ಕಾಗದ ಮುಗಿದುಹೋಯ್ತು. "ನಿಮಗೆ ಜಾಗವಿಲ್ಲ ಯಜಮಾನರೇ, ನೀವು ಹೊರಡಿ." ಹುಸ್ರೆವ್ ಎದ್ದ. ಶಾಬಾನನ ಮುಖ ಒಂದ್ಸಲ ನೋಡಿದ. ಹೊರಟೇ ಹೋದ. ಶಾಬಾನನ ಜೀವ ಹಿಂದೆಯೇ ಓಡಿತು, ಮೈ ಮಾತ್ರ ಕೂತಲ್ಲೇ ಇತ್ತು.

ಚಿತ್ರ ಮುಗೀತು. ಸುಲ್ತಾನರು ಮೆಚ್ಚಿ ಗೋಡೆಗೆ ಹಾಕಿಸಿದರು. ಜೊತೆಗೆ ಒಂದು ಹುಕುಂ: "ಇನ್ನು ಅಂಗಡಿಯವರು ಅಲ್ಲಾಡಿದರೆ ಚಿತ್ರ ಸುಳ್ಳಾಗುತ್ತೆ. ಸುಳ್ಳು ಚಿತ್ರ ನಾವು ನೋಡೋದೇ? ಬಣ್ಣ ಇರೋವರೆಗೆ ಹಾಗೇ ಕೂತಿರಲಿ!"

ಕೂತರು. ಒಂದು ವರ್ಷ ಕೂತರು, ಎರಡು ವರ್ಷ ಕೂತರು, ಹನ್ನೆರಡು ವರ್ಷ ಕೂತರು. ಒಂದಿನ ಅರಮನೆಯ ಸೇವಕ ಬಂದು, "ಬಣ್ಣ ಮಾಸಿಹೋಯ್ತು, ಏಳಿ," ಅಂದ.

ಶಾಬಾನ್ ಬಿದ್ದೂ ಎದ್ದೂ ಹುಸ್ರೆವ್ ಮನೆಗೆ ಓಡಿದ. ಹೆಂಡತಿ ಗುಲ್‌ಬಹಾರ್ ಬಾಗಿಲು ತೆಗೆದಳು.

"ಅತ್ತಿಗೆ, ನನ್ನ ಹುಸ್ರೆವ್ ಎಲ್ಲಿ? ತಪ್ಪಾಯ್ತು ಅನ್ನಬೇಕಿತ್ತು."

"ಮೊನ್ನೆ ಮಣ್ಣು ಮಾಡಿ ಬಂದೆವು ಶಾಬಾನಣ್ಣಾ. ದಿನಾ ಅಂಗಡಿ ಕಿಟಕಿ ತನಕ ಬಂದು ನಿಮ್ಮನ್ನ ನೋಡ್ತಿದ್ದರು. ವಾಪಸ್ ಬಂದು ಒಂದೇ ಮಾತು: 'ಇನ್ನೂ ಬಾಯಿಬಿಟ್ಟು ನಗ್ತಾನೇ ಇದ್ದಾನೆ ಕಣೇ.'"

ಅದಕ್ಕೇ ಕಣ್ರಪ್ಪಾ, ಬಾಯಿ ತೆರೆದವರೆಲ್ಲ ನಗ್ತಿದ್ದಾರೆ ಅಂದುಕೋಬೇಡಿ. ಒಳಗೆ ಹೋಗಿ ಒಂದ್ಸಲ ಕೇಳಿ. ನನ್ನ ಹತ್ರ ಇದ್ದದ್ದು ಇಷ್ಟೇ ಕತೆ. ಏಳಿ, ನಿಮ್ಮ ನಿಮ್ಮ ಮನೆಗೆ ಹೋಗಿ.