ಕಡಲೆಮ್ಮೆಗಳ ಸೂಲಗಿತ್ತಿ ಸೇಸಿ

ಬಹಳ ಬಹಳ ಹಿಂದೆ, ಕಡಲಿಗೆ ಇನ್ನೂ ಪೂರ್ತಿ ಉಪ್ಪು ಹಿಡಿದಿರಲಿಲ್ಲ ಅನ್ನುವ ಕಾಲದಲ್ಲಿ, ಇದೇ ತೆರೆಕೋಡಿ ಅನ್ನುವ ಊರಿನಲ್ಲಿ ಸೇಸಿ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಹೆಂಗಸರ ಹೆರಿಗೆಗೂ ಅವಳೇ, ದನಕರುಗಳ ಹೆರಿಗೆಗೂ ಅವಳೇ. ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲವಂತೆ. ಉಣ್ಣುವಾಗಲೂ ಒಂದು ಕಾಲು ಹೊಸ್ತಿಲ ಹೊರಗೇ ಇರುತ್ತಿತ್ತಂತೆ. ನೀವೂ ಸ್ವಲ್ಪ ಅದೇ ಜಾತಿ ಮಕ್ಕಳೇ. ಕಥೆ ಶುರುವಾಗುವ ಮೊದಲೇ ಕಾಲು ಆಡಿಸುತ್ತಿದ್ದೀರಿ. ಸುಮ್ಮನೆ ಕೂತುಕೊಳ್ಳಿ.

ಆಗ ಆಕಾಶದಲ್ಲಿ ಚಂದ್ರರು ಇಬ್ಬರಂತೆ. ಅಣ್ಣ ಒಬ್ಬ, ತಮ್ಮ ಒಬ್ಬ. ಅಣ್ಣ ನೀರನ್ನು ದಡಕ್ಕೆ ನೂಕಿದರೆ ತಮ್ಮ ಅದನ್ನು ವಾಪಸ್ಸು ಎಳೆಯುತ್ತಿದ್ದನಂತೆ. ಅಣ್ಣತಮ್ಮಂದಿರಿಗೆ ಒಂದು ದಿನವೂ ಸರಿಬರಲಿಲ್ಲ. ಹಾಗಾಗಿ ಕಡಲಿಗೆ ನಿದ್ದೆ ಅನ್ನುವುದೇ ಇರಲಿಲ್ಲವಂತೆ. ನಿನ್ನೆ ದನ ಮೇಯ್ದ ಜಾಗದಲ್ಲಿ ಇವತ್ತು ಎದೆಮಟ್ಟ ನೀರು. ನಿನ್ನೆ ನೀರಿದ್ದಲ್ಲಿ ಇವತ್ತು ಬರೀ ಹೊಯ್ಗೆ, ಮರಳೋ ಮರಳು. ಊರಿನವರು ಮಡಕೆ ಕುಡಿಕೆ ಹೊತ್ತುಕೊಂಡು ಹಿಂದೆ ಮುಂದೆ ಓಡಿದ್ದೇ ಓಡಿದ್ದು. ಒಂದು ಮನೆಯ ಒಲೆ ಒಂದೇ ಜಾಗದಲ್ಲಿ ಎರಡು ಮಳೆಗಾಲ ಕಂಡರೆ ಅದೇ ದೊಡ್ಡ ಸುದ್ದಿಯಂತೆ.

ಆ ನೀರಿಗೂ ದಡದ ಹುಲ್ಲಿಗೂ ನಡುವೆ ಕಡಲೆಮ್ಮೆಗಳ ಹಿಂಡು ಇತ್ತು. ಪರವೂರಿನವರು ತಿಮಿಂಗಿಲ ಅನ್ನುತ್ತಾರಲ್ಲ, ಅದೇ. ನಗಬೇಡಿ. ಆಗ ಅವಕ್ಕೆ ನಾಲ್ಕು ಕಾಲಿತ್ತು, ಗೊರಸಿತ್ತು, ಮೊರದಗಲ ಕಿವಿ ಇತ್ತು. ಹುಲ್ಲು ಮೇಯುತ್ತಿದ್ದವು, ಬಿಸಿಲೇರಿದರೆ ನೀರಿಗೆ ಇಳಿಯುತ್ತಿದ್ದವು. ವರ್ಷದಿಂದ ವರ್ಷಕ್ಕೆ ಕಡಲು ಹುಲ್ಲನ್ನು ನುಂಗುತ್ತಾ ಬಂತು. ಹೊಟ್ಟೆ ಕೇಳಬೇಕಲ್ಲ, ಅವು ಮೀನಿಗೆ ಬಾಯಿ ಹಾಕಿದವಂತೆ. ಮೀನಿನ ಹಿಂದೆ ಹೋದ ಹಾಗೆ ಮೈ ಬದಲಾಯಿತಂತೆ. ಅಜ್ಜಿಗೆ ಗೊರಸಿದ್ದರೆ ಮಗಳಿಗೆ ಬೆರಳುಗಳ ನಡುವೆ ಬಾತುಕೋಳಿಗಿದ್ದ ಹಾಗೆ ಚರ್ಮ. ಮೊಮ್ಮಗಳಿಗೆ ಮುಂಗಾಲು ದೋಣಿಯ ಹುಟ್ಟಿನಂತೆ ಚಪ್ಪಟೆ, ಹಿಂಗಾಲು ಇದ್ದೂ ಇಲ್ಲದ ಹಾಗೆ. ಮೂಗು ಮೂತಿಯಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಹತ್ತಿತಂತೆ. ಯಾವತ್ತು ಹತ್ತಿತು ಅಂದರೆ ಯಾರಿಗೂ ಗೊತ್ತಿಲ್ಲ. ಹುಡುಗಿ ಯಾವ ದಿನ ಮುದುಕಿಯಾದಳು ಅಂತ ಯಾರಾದರೂ ಹೇಳಬಲ್ಲರೇ?

ಸೇಸಿ ಇದನ್ನೆಲ್ಲ ಕಣ್ಣಾರೆ ಕಂಡವಳಂತೆ. ಹಾಗಾದರೆ ಅವಳು ಎಷ್ಟು ವರ್ಷ ಬದುಕಿದ್ದಳು ಅಂತ ಲೆಕ್ಕ ಕೇಳಬೇಡಿ. ಆಗಿನವರ ಆಯುಸ್ಸೇ ಬೇರೆ.

ಆ ಪ್ರಾಣಿಗಳ ಪಾಡು ಅತ್ತ ದರಿ ಇತ್ತ ಪುಲಿ. ನೀರಿನಲ್ಲಿದ್ದರೆ ದಡ ನೋಡುತ್ತಿದ್ದವು, ದಡದಲ್ಲಿದ್ದರೆ ನೀರು ನೋಡುತ್ತಿದ್ದವು. ಹಗಲೂ ಇರುಳೂ ಗೂಂ ಅಂತ ಕೂಗುತ್ತಿದ್ದವಂತೆ. ಆ ಕೂಗು ಕೇಳಿ ಊರಿನವರಿಗೂ ನೆಮ್ಮದಿ ಇರಲಿಲ್ಲವಂತೆ. ಆದರೂ ಯಾರೂ ಅವನ್ನು ಬೈಯುತ್ತಿರಲಿಲ್ಲ. ಯಾಕೆಂದರೆ ಆಗ ನಮ್ಮವರಿಗೆ ದೋಣಿ ಕಟ್ಟಲು ಬರುತ್ತಿರಲಿಲ್ಲ. ಕಡಲೆಮ್ಮೆಗಳು ಆಳದಿಂದ ಮೀನನ್ನು ಅಟ್ಟಿಕೊಂಡು, ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ತರುತ್ತಿದ್ದವು. ನಮ್ಮವರು ಅಲ್ಲಿ ಬಲೆ ಹಿಡಿದು ನಿಲ್ಲುತ್ತಿದ್ದರು. ಅವು ತಿಂದು ಬಿಟ್ಟದ್ದು ನಮಗೆ, ನಾವು ಬಿಟ್ಟದ್ದು ಅವಕ್ಕೆ. ಹಿಂಡು ಇದ್ದರೆ ಊರು, ಇಲ್ಲದಿದ್ದರೆ ಇಲ್ಲ.

ಇನ್ನು ಸೇಸಿಯ ಕಸುಬಿನ ಮಾತು. ಅವಳ ಮೊದಲನೆಯ ಕಟ್ಟಳೆ ಏನೆಂದರೆ, ಹೆರುವ ಜಾಗದಲ್ಲಿ ಎರಡನೆಯವರು ಇರಕೂಡದು. ಹತ್ತು ಕಣ್ಣು ಬಿದ್ದರೆ ಹೊಟ್ಟೆ ಬಿಗಿಯುತ್ತದೆ ಅನ್ನುತ್ತಿದ್ದಳಂತೆ. ಅತ್ತೆ ಬಂದರೆ ಅತ್ತೆಯನ್ನು, ಹಡೆದಮ್ಮ ಬಂದರೆ ಹಡೆದಮ್ಮನನ್ನು ಪೊರಕೆ ಹಿಡಿದು ಅಟ್ಟುತ್ತಿದ್ದಳಂತೆ. “ಹೊರಗೆ ನಡೀರಿ, ಇಲ್ಲೆಂತ ಸಂತೆಯಾ?” ಅಂತ ಅವಳು ಗದರಿದರೆ ಗುರಿಕಾರನೂ ಹಿಂದೆ ಸರಿಯುತ್ತಿದ್ದನಂತೆ. ಗುರಿಕಾರ ಅಂದರೆ ಊರಿನ ಹಿರಿಯ, ಬಡಿಯ ಅಂತ ಅವನ ಹೆಸರು.

ಕಡಲೆಮ್ಮೆ ಹುಲ್ಲಿನ ಮೇಲೆ ಕರು ಹಾಕುವಾಗಲೂ ಅದೇ ಕಟ್ಟಳೆ. ಉಳಿದವು ಸುತ್ತ ಮುತ್ತಿಕೊಂಡು ಬರುತ್ತಿದ್ದವು. ಸೇಸಿ ಉದ್ದನೆಯ ಬಿದಿರು ಹಿಡಿದು ಹೊಡೆದೋಡಿಸುತ್ತಿದ್ದಳು. ಅದು ತಪ್ಪೂ ಅಲ್ಲ. ಅಷ್ಟು ಭಾರದ ಪ್ರಾಣಿ, ನಾಲ್ಕು ಗೊರಸು, ಎಲ್ಲಾದರೂ ಒಂದು ಕಾಲು ಕರುವಿನ ಮೇಲೆ ಬಿದ್ದರೆ ಮುಗಿಯಿತು. ಅವಳ ಕೈಯಲ್ಲಿ ದಡದ ಮೇಲೆ ಒಂದು ಕರುವೂ ಸಾಯಲಿಲ್ಲವಂತೆ.

ಆಮೇಲೆ ಒಂದು ಕಾಲ ಬಂತು. ಬಸುರಿ ಕಡಲೆಮ್ಮೆಗೆ ದಡ ಹತ್ತಲು ಕಾಲಿನಲ್ಲಿ ಕಸುವಿಲ್ಲ. ನೀರಿನಲ್ಲೇ ನೋವು ತಿಂದಿತು. ಸೇಸಿ ಸೀರೆ ಕಚ್ಚೆ ಕಟ್ಟಿ ನೀರಿಗೆ ಧುಮುಕಿದಳು. ಬಿದಿರಿನಿಂದ ನೀರು ಬಡಿದು ಉಳಿದವನ್ನೆಲ್ಲ ದೂರ ಅಟ್ಟಿದಳು. ದಡದಲ್ಲಿ ತಲೆ ಮೊದಲು ಬರುತ್ತಿತ್ತು, ಇಲ್ಲಿ ಬಾಲ ಮೊದಲು ಬಂತಂತೆ. ಆದರೂ ಕರು ಜೀವಂತವಾಗಿಯೇ ಹುಟ್ಟಿತು. ಹುಟ್ಟಿ, ಮುಳುಗಿತು. ತಾಯಿ ಮೂತಿಯಿಂದ ಎತ್ತಿತು, ಕರು ಜಾರಿತು. ಮತ್ತೆ ಎತ್ತಿತು, ತಾನು ಉಸಿರಿಗೆ ಮೇಲೆ ಬಂದಾಗ ಮತ್ತೆ ಜಾರಿತು. ಸೇಸಿ ಮುಳುಗಿ ತಬ್ಬಿ ಎತ್ತಲು ನೋಡಿದಳು. ಹುಟ್ಟಿದ ಕರು ಅಂದರೆ ನಮ್ಮ ಕೊಟ್ಟಿಗೆಯ ಕರುವೇ? ಒಂದು ಜೋಡಿ ಎತ್ತಿನಷ್ಟು ತೂಕ. ಒಂದು ಉಸಿರನ್ನೂ ಕಾಣದೆ ಅದು ಸತ್ತುಹೋಯಿತಂತೆ.

ತಾಯಿ ಆ ಸತ್ತ ಕರುವನ್ನು ಬಿಡಲಿಲ್ಲ. ಮೂತಿಯ ಮೇಲೆ ಹೊತ್ತುಕೊಂಡು ಅಳಿವೆಯ ಬಾಯಿಯಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ. ಮೈ ಕೊಳೆತು ಉದುರುವ ತನಕ ಹೊತ್ತಿತಂತೆ. ಊರಿನ ಹೆಂಗಸರು ಆ ಕಡೆ ಮುಖ ಮಾಡಿ ನೀರು ತರಲಾರದೆ ಬೇರೆ ದಾರಿ ಹಿಡಿದರಂತೆ.

ಮುಂದಿನ ಕರುವೂ ಹಾಗೇ ಹೋಯಿತು. ಅದರ ಮುಂದಿನದೂ ಹೋಯಿತು. ಪ್ರತಿ ಸಲವೂ ಸೇಸಿ, ಪ್ರತಿ ಸಲವೂ ಅದೇ ಬಿದಿರು. ಇನ್ನೂ ದೂರ ಅಟ್ಟಬೇಕಿತ್ತು, ಅದಕ್ಕೇ ಹೀಗಾಯಿತು ಅಂದುಕೊಂಡಳಂತೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಕಸುಬಿನ ಗುಣವೂ ಅಷ್ಟೆ. ಅವಳಿಗೆ ಅನ್ನ ಇಳಿಯಲಿಲ್ಲ, ಚಾಪೆ ಬಿಚ್ಚಲಿಲ್ಲ, ದಡದ ಉದ್ದಕ್ಕೂ ತಿರುಗಿದಳು. ಹಿಂಡಿನಲ್ಲಿ ಮರಿಗಳೇ ಇಲ್ಲವಾದವು. ಮುದಿ ಹೆಣ್ಣುಗಳು ಆಳಕ್ಕೆ ಹೋಗುತ್ತಿದ್ದವು, ಬರುತ್ತಿದ್ದವು, ಎಲ್ಲಿಯೂ ನಿಲ್ಲಲಾರದೆ ಕೂಗುತ್ತಿದ್ದವು. ಮೀನು ಅಟ್ಟುವುದನ್ನು ಮರೆತವು. ಊರಿನಲ್ಲಿ ಒಲೆಗಳು ಆರಿದವು.

ಕೊನೆಗೆ ಉಳಿದದ್ದು ಒಂದೇ ಬಸುರಿ, ಬಿಳಿಮೂತಿ ಅಂತ ಕರೆಯುತ್ತಿದ್ದದ್ದು. ಗುರಿಕಾರ ಬಡಿಯ ಊರು ಕೂಡಿಸಿದನಂತೆ. “ಈ ಕರು ಹೋದ್ರೆ ಹಿಂಡೇ ಹೋಯ್ತು ಸೇಸಕ್ಕಾ. ಹಿಂಡು ಹೋದ್ರೆ ನಾವು ಎಂತ ತಿಂಬುದು, ಹೊಯ್ಗೆಯಾ?” ಅಂದನಂತೆ. ಹಗ್ಗ ಹಾಕಿ ದಡಕ್ಕೆ ಎಳೆಯೋಣ, ಹಿಂದಿನಂತೆ ನೆಲದ ಮೇಲೆಯೇ ಹೆರಲಿ ಅನ್ನುವುದು ಅವನ ಯೋಚನೆ. ಅವನನ್ನು ದೂರಬೇಡಿ, ಹಸಿದ ಮಕ್ಕಳು ಅವನ ಮನೆಯಲ್ಲೂ ಇದ್ದವು. ಸೇಸಿ ಹೂಂ ಅಂದಳಂತೆ. ಅವಳಿಗೂ ಅದೇ ಬೇಕಿತ್ತು. ದಡದಲ್ಲಿ ಅವಳ ಕೈ ಸೋತದ್ದೇ ಇಲ್ಲವಲ್ಲ.

ಅಣ್ಣ ಚಂದ್ರ ನೀರನ್ನು ಮೇಲೆ ನೂಕಿದ ಹೊತ್ತು ನೋಡಿ, ತೆಂಗಿನ ನಾರಿನ ಹಗ್ಗ ಸುತ್ತಿ, ಊರೆಲ್ಲ ಸೇರಿ ಬಿಳಿಮೂತಿಯನ್ನು ಎಳೆದರಂತೆ. ನೀರೂ ನೂಕಿತು, ಜನರೂ ಎಳೆದರು, ಅದು ಹೊಯ್ಗೆಯ ಮೇಲೆ ಬಂದು ಬಿತ್ತು. ಸೇಸಿ ಎಲ್ಲರನ್ನೂ ಆಚೆ ಅಟ್ಟಿ ಒಬ್ಬಳೇ ಹತ್ತಿರ ಹೋದಳು. ಅಷ್ಟರಲ್ಲಿ ತಮ್ಮ ಚಂದ್ರ ಹುಟ್ಟಿ ನೀರನ್ನು ಎಳೆದುಕೊಂಡ. ಕಡಲು ಎಲ್ಲೋ ದೂರ ಹೋಯಿತು. ಬಿಸಿಲೇರಿತು.

ಆಗ ಅವಳು ಕಂಡಳಂತೆ. ನೀರಿನಲ್ಲಿ ತೇಲಿ ಬೆಳೆದ ಮೈಯನ್ನು ಹೊರಲು ಕೆಳಗೆ ಕಾಲಿಲ್ಲ. ತನ್ನ ಭಾರಕ್ಕೆ ತಾನೇ ಕುಸಿಯುತ್ತಿತ್ತು. ಪಕ್ಕೆಲುಬು ಲಟಲಟ ಅನ್ನುತ್ತಿತ್ತು. ನೆತ್ತಿಯ ಮೂಗಿನಲ್ಲಿ ಉಸಿರು ಒಂದು ಬಂದರೆ ಇನ್ನೊಂದು ಬರುವ ತನಕ ಸೇಸಿಯ ಉಸಿರು ನಿಲ್ಲುತ್ತಿತ್ತು. ಚರ್ಮ ಒಣಗಿ ಬಿರಿಯತೊಡಗಿತು. ಅವಳು ಒಬ್ಬಳೇ ಕೊಡ ಹಿಡಿದು ನೀರಿಗೆ ಓಡಿದಳು, ತಂದು ಸುರಿದಳು. ಹೊಯ್ಗೆ ಕುಡಿದುಬಿಟ್ಟಿತು. ಮತ್ತೆ ಓಡಿದಳು. ಕಡಲು ದೂರ, ಮೈ ದೊಡ್ಡದು, ಕೊಡ ಚಿಕ್ಕದು. ಬಿಳಿಮೂತಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗೆ ಕರು ಒದೆಯುತ್ತಿತ್ತಂತೆ.

ಅಲ್ಲಿ ಅವಳು ಕೊಡ ಕೆಳಗಿಟ್ಟು ತಲೆ ಎತ್ತಿದಳಂತೆ. ದೂರದಲ್ಲಿ ಊರು ಊರೇ ನಿಂತಿತ್ತು. ಅವಳು ಅಟ್ಟಿದ ಅತ್ತೆಯರು, ಹಡೆದಮ್ಮಂದಿರು, ಅಕ್ಕತಂಗಿಯರು, ಹತ್ತಿರ ಬರಲು ಹೆದರಿ ನಿಂತಿದ್ದರು. ಸೇಸಿ ಅವರತ್ತ ಕೈ ಬೀಸಿ ಕೂಗಿದಳಂತೆ. “ಬನ್ನಿ! ಕೈ ಇದ್ದವ್ರೆಲ್ಲ ಬನ್ನಿ!”

ಬಂದರು. ಕೊಡ, ಮಡಕೆ, ತೆಂಗಿನ ಚಿಪ್ಪು, ಏನಿತ್ತೋ ಅದನ್ನು ಹಿಡಿದು ಬಂದರು. ಕಡಲಿನಿಂದ ಬಿಳಿಮೂತಿಯ ತನಕ ಸಾಲು ನಿಂತು ನೀರನ್ನು ಕೈಯಿಂದ ಕೈಗೆ ದಾಟಿಸಿದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರಲ್ಲ. ಸೀರೆ ಬಿಚ್ಚಿ ಒದ್ದೆ ಮಾಡಿ ಅದರ ಮೈಗೆ ಹೊದಿಸಿದವರೂ ಇದ್ದರಂತೆ. ನೀರು ತಿರುಗಿ ಬಂದಾಗ ಸೇಸಿ ಹಗ್ಗವನ್ನೆಲ್ಲ ಕುಡುಗೋಲಿನಿಂದ ಕೊಯ್ದಳು. ಬಡಿಯ ಬೇಡ ಬೇಡ ಅಂತ ಅಡ್ಡ ಬಂದನಂತೆ. ಅವಳು ಅವನ ಮುಖವನ್ನೂ ನೋಡಲಿಲ್ಲ. ಎಲ್ಲರೂ ಭುಜ ಕೊಟ್ಟು ನೂಕಿದರು. ಸ್ವಲ್ಪ ಹೊತ್ತಿಗೆ ಬಡಿಯನೂ ಭುಜ ಕೊಟ್ಟ.

ನೀರಿಗೆ ಇಳಿದದ್ದೇ ನೋವು ಶುರು. ಸೇಸಿ ತನ್ನ ಬಿದಿರನ್ನು ಪಕ್ಕದಲ್ಲಿ ತೇಲಿಸಿಕೊಂಡು ಜೊತೆಗೇ ಈಜಿದಳು. ಕೂಗು ಕೇಳಿ ಆಳದಿಂದ ಹಿಂಡು ಬಂತು. ಎಲ್ಲಕ್ಕೂ ಮುಂದೆ ಒಂದು ಗೊಡ್ಡು, ಎಂದೂ ಕರು ಹಾಕದ ಮುದಿ ಕಡಲೆಮ್ಮೆ. ಸೇಸಿಯ ಬಿದಿರಿನ ಏಟು ಹೆಚ್ಚು ತಿಂದದ್ದು ಅದೇ. ನಿನಗೆ ಇಲ್ಲೇನು ಕೆಲಸ ಅಂತ ಅದನ್ನೇ ಮೊದಲು ಹೊಡೆಯುತ್ತಿದ್ದಳಂತೆ. ನೋಡಿ, ಅಷ್ಟೆಲ್ಲ ಕಂಡ ಮೇಲೂ ಅವಳ ಕೈ ಬಿದಿರಿಗೆ ಹೋಯಿತು! ಎತ್ತಿ ಹಿಡಿದಳು. ಹೊಡೆಯುವ ಮೊದಲು ಒಮ್ಮೆ ನೀರೊಳಗೆ ಮುಖ ಹಾಕಿ ನೋಡಿದಳಂತೆ. ಎಷ್ಟೊಂದು ಮೈಗಳು, ಒಂದಕ್ಕೂ ಗೊರಸಿಲ್ಲ. ತುಳಿಯಲು ಕಾಲೇ ಇಲ್ಲದವನ್ನು ಇಷ್ಟು ದಿನ ಯಾಕೆ ಅಟ್ಟಿದೆ ಅನ್ನುವುದು ಅವಳಿಗೆ ಆಗ ಹೊಳೆಯಿತಂತೆ. ನೀರಿನೊಳಗೇ ಅತ್ತಳಂತೆ. ಬಿದಿರನ್ನು ಬಿಟ್ಟಳು.

ಬಾಲ ಮೊದಲಾಗಿ ಕರು ಬಂತು. ಬಂದದ್ದೇ ಮುಳುಗಿತು. ಬಿಳಿಮೂತಿಗೆ ದಡದಲ್ಲಿ ಬಿದ್ದು ಬಿದ್ದು ತ್ರಾಣವೇ ಉಳಿದಿರಲಿಲ್ಲ. ಆಗ ಆ ಗೊಡ್ಡು ಕೆಳಗೆ ಹೋಯಿತಂತೆ. ಬೆನ್ನು ಕೊಟ್ಟು ಎತ್ತಿತು. ಕರು ಜಾರಿತು, ಜಾರಿದ ಕಡೆ ಇನ್ನೊಂದು ಬೆನ್ನಿತ್ತು. ಅಲ್ಲಿಂದ ಜಾರಿದರೆ ಮತ್ತೊಂದು. ಕೆಳಗೆ ಎಲ್ಲಿ ಬಿದ್ದರೂ ಬೆನ್ನು. ಎತ್ತಿ ಎತ್ತಿ ಬೆಳಕಿಗೆ ತಂದವು. ಕರುವಿನ ನೆತ್ತಿಯಿಂದ ಪುಸ್ ಅಂತ ಸಣ್ಣ ತುಂತುರು ಹಾರಿತಂತೆ. ದಡದಲ್ಲಿ ನಿಂತ ಊರಿಗೆ ಊರೇ ಅತ್ತಿತಂತೆ.

ಸೇಸಿ ಆಮೇಲೆ ಏನಾದಳು? ಹಿಂಡಿನ ಜೊತೆ ಹೋದಳು ಅನ್ನುವವರಿದ್ದಾರೆ. ಅವಳಿಗೂ ನೆತ್ತಿಯಲ್ಲಿ ಮೂಗು ಮೂಡಿತು ಅನ್ನುವವರಿದ್ದಾರೆ. ಸುಳ್ಳು. ಅವಳು ಮನೆಗೆ ಬಂದು ಗಂಜಿ ಕುಡಿದಳು, ಮರುದಿನ ಇನ್ನೊಂದು ಹೆರಿಗೆಗೆ ಓಡಿದಳು. ನನಗೆ ಗೊತ್ತು. ಹಿಂಡು ಮಾತ್ರ ದಡದ ಆಸೆ ಬಿಟ್ಟಿತು. ಕಾಲು ಪೂರ್ತಿ ಹೋಯಿತು, ಕಿವಿಯೂ ಹೋಯಿತು. ಹೋದದ್ದರ ಗುರುತು ಒಳಗೆ ಇದೆ. ಸತ್ತ ಕಡಲೆಮ್ಮೆ ದಡಕ್ಕೆ ಬಂದಾಗ ಹಿರಿಯರು ತೋರಿಸುತ್ತಿದ್ದರು, ಈಜುವ ರೆಕ್ಕೆಯೊಳಗೆ ಬೆರಳ ಮೂಳೆಗಳು, ಸೊಂಟದ ಹತ್ತಿರ ಯಾವುದಕ್ಕೂ ತಾಗದ ಎರಡು ಪುಟ್ಟ ಮೂಳೆಗಳು. ಇವತ್ತಿಗೂ ಒಂದು ಹೆರುವಾಗ ಉಳಿದವು ಸುತ್ತ ಇರುತ್ತವೆ, ಕರುವನ್ನು ಎತ್ತಿ ಉಸಿರಿಗೆ ತರುತ್ತವೆ.

ನಮ್ಮ ತೆರೆಕೋಡಿಯಲ್ಲಿ ಇವತ್ತಿಗೂ ಹೆರಿಗೆ ನೋವು ಬಂದರೆ ಮನೆಯ ಮುಂಬಾಗಿಲು ಹಿಂಬಾಗಿಲು ಎರಡೂ ತೆರೆಯುತ್ತಾರೆ. ಒಬ್ಬರು ಓಣಿಗೆ ಬಂದು ಕೈ ಇದ್ದವ್ರೆಲ್ಲ ಬನ್ನಿ ಅಂತ ಕೂಗುತ್ತಾರೆ. ಹುಟ್ಟಿದ ಕೂಸು ಅಳುವ ತನಕ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ಕೈ ಮಾತ್ರ ಹೆರದವಳದೇ ಆಗಬೇಕು. ಬಂಜೆಗೇನು ಗೊತ್ತು ಹೆರಿಗೆ ನೋವು ಅನ್ನುವ ಗಾದೆ ಬೇರೆ ಊರಿನದು, ಇಲ್ಲಿ ಯಾರೂ ಆಡುವುದಿಲ್ಲ.

ನಾನು ಆ ಬೇರೆ ಊರಿನಿಂದ ಮದುವೆಯಾಗಿ ಬಂದವಳು. ವರ್ಷಗಳು ಹೋದವು, ಮಡಿಲು ತುಂಬಲಿಲ್ಲ. ತವರಿನಲ್ಲಿ ನಾಮಕರಣಕ್ಕೂ ಸೀಮಂತಕ್ಕೂ ನನ್ನನ್ನು ಕರೆಯುವುದನ್ನು ಬಿಟ್ಟರು. ಇಲ್ಲಿ ಪಕ್ಕದ ಮನೆಯಲ್ಲಿ ನೋವು ಬಂದಾಗ ನನ್ನ ಹೆಸರು ಹಿಡಿದು ಕೂಗಿದರು. ನಾನು ನಂಬಲಿಲ್ಲ, ಬಾಗಿಲ ಹೊರಗೇ ನಿಂತೆ. ಯಾರೋ ಮುಂಗೈ ಹಿಡಿದು ಒಳಗೆ ಎಳೆದರು. ಒದ್ದೆ ಕೂಸನ್ನು ನನ್ನ ಕೈಗೆ ಹಾಕಿದರು. ಎತ್ತಿ ಹಿಡಿದೆ, ಅತ್ತಿತು. ಆ ಕೂಸೇ, ಅಲ್ಲಿ ಕೂತು ಕಾಲು ಆಡಿಸುತ್ತಿದ್ದಾಳಲ್ಲ ಗುಲಾಬಿ, ಅವಳ ಅಪ್ಪ. ನಿಮ್ಮಲ್ಲಿ ಒಬ್ಬರನ್ನೂ ನಾನು ಹೆತ್ತಿಲ್ಲ ಮಕ್ಕಳೇ. ಆದರೆ ನಿಮ್ಮಲ್ಲಿ ಒಬ್ಬೊಬ್ಬರನ್ನೂ ಮೊದಲು ಎತ್ತಿದವಳು ನಾನು.